ಬರೆಯ ಮೇಲಿನ ಮೂಸಾಕ

ಮಳೆ ಹನಿಯಲು ಶುರುವಾದರೆ ಜನ ಹೊರಗಿನಿಂದ ಒಳಗೆ ಓಡುತ್ತಾರೆ. ಒಳಗಿನಿಂದ ಹೊರಗೆ ಓಡುವವರನ್ನು ನಾನು ನೋಡಿದ್ದು ಒಬ್ಬರನ್ನೇ, ನಮ್ಮ ಮೇಲಿನ ಮನೆಯ ಮೂಸಾಕನನ್ನು. ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಹೆಗಲಿಗೆ ಹಾರೆ ಏರಿಸಿ ಅಂಗಳಕ್ಕೆ ಇಳಿದರೆಂದರೆ ಮಳೆ ಬಿಡುವವರೆಗೆ ಅವರು ಒಳಗೆ ಹೋಗುವವರಲ್ಲ. ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ ಬೆನ್ನ ಮೇಲೆ ನೇತಾಡುತ್ತಿರುತ್ತಿತ್ತು. ಅದನ್ನು ಬಿಡಿಸಿದ್ದನ್ನು ಮಾತ್ರ ನಾನು ಕಂಡಿಲ್ಲ. "ಮೂಸಾಕ, ಕೊಡೆ ಉಂಟಲ್ಲ, ಬಿಡಿಸಿ ಮಾರಾಯ್ರೆ" ಎಂದರೆ, "ಕೊಡೆ ಬಿಡಿಸಿದರೆ ಒಂದು ಕೈ ಹೋಯ್ತಲ್ಲ ರೈಗಳೇ, ಮತ್ತೆ ಹಾರೆ ಹಿಡಿಯುದು ಯಾರು?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರು ಗಲ್ಫಿನಲ್ಲಿ ನೀರಿನ ಟ್ಯಾಂಕರ್ ಓಡಿಸಿದವರು. ಮೀಸೆ ಮೂಡುವ ಪ್ರಾಯದಲ್ಲಿ ಹೋಗಿ ಗಡ್ಡ ಬೆಳ್ಳಗಾದ ಮೇಲೆ ಬಂದರು. ಅಷ್ಟೂ ಕಾಲ ಮಾಡಿದ್ದು ಒಂದೇ ಕೆಲಸ, ನೀರಿಲ್ಲದ ಕಡೆಗೆ ನೀರು ಕೊಂಡುಹೋಗುವುದು. ಕೆಲಸಗಾರರ ಕ್ಯಾಂಪಿನಲ್ಲಿ ಒಮ್ಮೆ ಟ್ಯಾಂಕರ್ ತಡವಾಗಿ ತಲುಪಿದಾಗ, ಬಕೆಟ್ ಹಿಡಿದು ಕಾದಿದ್ದ ಒಬ್ಬ ಮುದುಕ ಇವರನ್ನು ಬೈಯುವುದು ಬಿಟ್ಟು ಪೈಪಿಗೆ ಮುತ್ತು ಕೊಟ್ಟನಂತೆ. ಈ ಕಥೆಯನ್ನು ಅವರು ನೂರು ಸಲ ಹೇಳಿರಬಹುದು. ಪ್ರತಿ ಸಲವೂ ಮುತ್ತಿನ ಜಾಗ ಬರುವಾಗ ಸ್ವರ ಸಣ್ಣದಾಗುತ್ತಿತ್ತು. "ಅದನ್ನು ನೋಡಿದವ ಇಲ್ಲಿ ಬಂದು, ಇಷ್ಟು ಮಳೆ ರಸ್ತೆಯಲ್ಲಿ ಹರಿದು ತೋಡಿಗೆ ಹೋಗುದು ನೋಡಿ ಸುಮ್ಮನೆ ಕೂತ್ಕೊಳ್ಳುದು ಹೇಗೆ? ಹರಾಮ್ ಅಲ್ವಾ ಮಾರಾಯ್ರೆ?"

ನಾವಿರುವುದು ಪುತ್ತೂರಿನಿಂದ ಸವಣೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಮೊದಲು ಅದೊಂದು ಗೇರು ಗುಡ್ಡೆ. ಯಾರೋ ಕೊಂಡುಕೊಂಡು, ಜೇಸಿಬಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಸೈಟು ಮಾಡಿ ಮಾರಿದರು. ಗುಡ್ಡೆ ಕಡಿದಾಗ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆಗೆ ನಮ್ಮಲ್ಲಿ ಬರೆ ಎನ್ನುವುದು. ಬರೆಯ ಕೆಳಗಿನ ತಟ್ಟಿನಲ್ಲಿ ನನ್ನ ಮನೆ, ಮೇಲಿನ ತಟ್ಟಿನಲ್ಲಿ ಮೂಸಾಕನದ್ದು. ಅವರ ಅಂಗಳದ ಅಂಚು ನಮ್ಮ ಮನೆಯ ಚಾವಣಿಗಿಂತ, ನಮ್ಮ ಮಾತಿನಲ್ಲಿ ಮಾಡಿಗಿಂತ, ಎತ್ತರ. ಊರಿನ ಎಲ್ಲರಂತೆ ನಾನೂ ಒಂದು ಅಡಿ ಜಾಗ ಪೊಕ್ಕಡೆ, ಸುಮ್ಮಸುಮ್ಮನೆ, ಬಿಡಬಾರದೆಂದು ಬರೆಯನ್ನು ಇನ್ನಷ್ಟು ಕಡಿಸಿ, ಅದರ ಬುಡದವರೆಗೂ ಮನೆ ಕಟ್ಟಿದ್ದೆ. ಅಡಿಗೆ ಕೋಣೆಯ ಕಿಟಕಿಯಿಂದ ಕೈ ಚಾಚಿದರೆ ಮಣ್ಣು ಮುಟ್ಟುತ್ತದೆ. ಅದರ ಪಕ್ಕದ್ದು ಮಗಳು ಅನನ್ಯಳ ಕೋಣೆ. ಪೇಟೆಯಲ್ಲಿ ಸಣ್ಣ ಫೋಟೊ ಸ್ಟುಡಿಯೋ ಇಟ್ಟುಕೊಂಡಿರುವ ನನಗೆ ಇಷ್ಟಾದದ್ದೇ ದೊಡ್ಡ ಸಂಗತಿ.

ಗೃಹಪ್ರವೇಶವಾದ ಮೊದಲ ಬೇಸಿಗೆಯಲ್ಲೇ ಬಾವಿ ತಳ ಕಂಡಿತು. ಮೂಸಾಕ ಮೇಲಿನಿಂದ ಬಗ್ಗಿ ನೋಡಿ, "ನೀವು ಹೆದರ್ಬೇಡಿ, ಒಂದು ಮಳೆಗಾಲ ನನಗೆ ಬಿಡಿ" ಎಂದರು. ಅಂಗಳದ ಅಂಚಿನುದ್ದಕ್ಕೂ ಸಾಲಾಗಿ ಇಂಗುಗುಂಡಿ ತೋಡಿದರು. ಮಾಡಿನ ನೀರು ಅದಕ್ಕೆ, ಅಂಗಳದ ನೀರು ಅದಕ್ಕೆ. ಅಷ್ಟು ಸಾಲದೆಂದು ಮೇಲಿನ ರಸ್ತೆಯ ಚರಂಡಿಯ ನೀರನ್ನೂ ಕಾಲುವೆಯಂತೆ ಕಣಿ ತೋಡಿ ತಿರುಗಿಸಿಕೊಂಡರು. ಎರಡು ಮಳೆಗಾಲ ಕಳೆಯುವಾಗ ನಮ್ಮ ಬಾವಿ ಮೇ ತಿಂಗಳಲ್ಲೂ ಬತ್ತಲಿಲ್ಲ. ನನ್ನ ಹೆಂಡತಿ ವಸಂತಿ ಅವರನ್ನು ಕರೆದು, ಬಿಸಿ ಬನ್ಸಿನ ಜೊತೆ ಒಂದು ಲೋಟ ಬಾವಿಯ ನೀರನ್ನೂ ಇಟ್ಟಳು. ಮೂಸಾಕ ಬನ್ಸ್ ಬದಿಗಿಟ್ಟು ಮೊದಲು ನೀರು ಕುಡಿದರು. ಕೂತುಕೊಂಡು, ನಿಧಾನವಾಗಿ, ಬಿಸ್ಮಿಲ್ಲಾ ಹೇಳಿ ಕುಡಿದರು. ನನಗೆ ಆ ದಿನ ಅವರ ಮೇಲೆ ಹುಟ್ಟಿದ ಪ್ರೀತಿ ಕಡಿಮೆಯದ್ದಲ್ಲ.

ಊರಿನ ಯುವಕ ಮಂಡಲದವರು ಅವರಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಫೋಟೊ ತೆಗೆದದ್ದು ನಾನೇ. "ಸ್ವಲ್ಪ ನಗಿ ಮೂಸಾಕ" ಎಂದರೆ ನಗುವುದಿಲ್ಲ. ಮೈಕ್ ಕೊಟ್ಟಾಗ, "ನೀರಿಗೆ ಬೆನ್ನು ಹಾಕ್ಬೇಡಿ, ಅಷ್ಟೇ ನನಗೆ ಹೇಳ್ಲಿಕ್ಕೆ ಉಂಟು" ಎಂದು ಕೂತುಬಿಟ್ಟರು. ಆಮೇಲೆ ಗುಡ್ಡೆಯಲ್ಲಿ ಯಾರ ಮನೆಗೆ ಹೋದರೂ ಅವರ ಮೊದಲ ಪ್ರಶ್ನೆ "ಹೇಗಿದ್ದೀರಿ" ಎಂದಲ್ಲ, "ನಿಮ್ಮ ಮಾಡಿನ ನೀರು ಎಲ್ಲಿಗೆ ಹೋಗುದು?" ಎಂದು. ಜನ ಅವರನ್ನು ಕಂಡರೆ ಮೊದಲೇ ಉತ್ತರ ತಯಾರು ಮಾಡಿಕೊಳ್ಳುತ್ತಿದ್ದರು.

ಇನ್ನು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟು ಪುಕ್ಕಲ. ಗ್ಯಾಸ್ ಬಂದ್ ಮಾಡಿದ್ದೇನೆಯೋ ಇಲ್ಲವೋ ಎಂದು ಪೇಟೆಯಿಂದ ಫೋನ್ ಮಾಡಿ ಕೇಳುವ ಜಾತಿ. ಹಾಗಾಗಿ ಸನ್ಮಾನದ ಮರುವರ್ಷದ ಮಳೆಗಾಲದಲ್ಲಿ ಬರೆಯ ನಡುವಿನಿಂದ ನೀರು ಒಸರಲು ಶುರುವಾದಾಗ ಮನೆಯಲ್ಲಿ ನನ್ನ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. "ಮಳೆಗಾಲದಲ್ಲಿ ನೀರು ಬಾರದೆ ಎಂತ, ಎಣ್ಣೆ ಬರ್ತದಾ?" ಎಂದಳು ವಸಂತಿ. ಮಾರನೆ ವಾರ ಬಾವಿಯ ನೀರು ಬೆಳ್ಳಗಾಯಿತು. ಹಾಲು ಕದಡಿದಂತೆ, ತುಸು ಗುಲಾಬಿ ಬಣ್ಣ. ಕೊಡಪಾನ ಎತ್ತಿದ ವಸಂತಿ ಅದನ್ನು ಕಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿದಳು. ಈ ಸಲ ಕುಶಾಲು ಮಾಡಲಿಲ್ಲ.

ಸುಳ್ಯದಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಕಲಿಸುವ ಶ್ವೇತಾ ನನ್ನ ಅಕ್ಕನ ಮಗಳು. ಫೋನಿನಲ್ಲಿ ಎಲ್ಲ ಕೇಳಿಕೊಂಡವಳು ಭಾನುವಾರ ಬಂದೇಬಿಟ್ಟಳು. ಬರೆಯ ಬುಡದಲ್ಲಿ ಕೂತು ಒಸರುವ ಜಾಗದ ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನನಗೆ ತೋರಿಸಿದಳು. ಬೆರಳು ಸೋಪು ಹಚ್ಚಿದಂತೆ ಜಾರುತ್ತಿತ್ತು.

"ಮೇಲೆ ಮುರಕಲ್ಲು ಉಂಟು ಮಾವ, ಅದು ಗಟ್ಟಿ. ಅದರ ಅಡಿಯಲ್ಲಿ ಇದು ಶೇಡಿ ಮಣ್ಣು. ಒಣಗಿದ್ರೆ ಪಿಕ್ಕಾಸಿಗೂ ಬಗ್ಗುದಿಲ್ಲ, ನೀರು ಕುಡಿದ್ರೆ ಹೀಗೆ. ಮೇಲೆ ಯಾರು ನೀರು ಇಂಗಿಸುದು?"

ನಾನು ಮೇಲೆ ನೋಡಿದೆ. ಮೂಸಾಕನ ಹಾರೆಯ ಶಬ್ದ ಕೇಳುತ್ತಿತ್ತು.

"ಇಂಗಿಸುದು ಒಳ್ಳೆ ಕೆಲಸವೇ. ಆದ್ರೆ ಅದನ್ನು ಕಡಿದ ಗುಡ್ಡೆಯ ನೆತ್ತಿಯಲ್ಲಿ ಮಾಡ್ಲಿಕ್ಕಿಲ್ಲ. ಒಳಗೆ ತುಂಬಿದ ನೀರು ಬರೆಯನ್ನು ಹೊರಗೆ ದೂಡ್ತದೆ. ಗುಂಡಿ ಮುಚ್ಚಿ ನೀರನ್ನು ಪೈಪಿನಲ್ಲಿ ತೋಡಿಗೆ ಬಿಡ್ಬೇಕು. ನೀವು ಹಿಂದಿನ ಕೋಣೆ ಇವತ್ತೇ ಖಾಲಿ ಮಾಡ್ಬೇಕು." ಮತ್ತೆ ನನ್ನ ಕಡೆ ತಿರುಗಿ, "ನಿಮ್ಮದೂ ಪಾಲು ಉಂಟು ಮಾವ. ಇಷ್ಟು ನೆಟ್ಟಗೆ ಕಡಿಸಿದ್ದು ನೀವೇ ಅಲ್ವಾ?" ಎಂದಳು.

ವಸಂತಿಯನ್ನೂ ಕರೆದುಕೊಂಡು ಮೂವರೂ ಮೇಲಿನ ಮನೆಗೆ ಹೋದೆವು. ಮೂಸಾಕನ ಹೆಂಡತಿ ಆಯಿಶಕ್ಕ ಚಹಾ ಕೊಟ್ಟರು. ನಾನು ಪಂಚಾಯತಿನ ಬೀದಿದೀಪದ ಬಗ್ಗೆ ಮಾತಾಡಿದೆ, ಪುತ್ತೂರಿನ ಪಾರ್ಕಿಂಗ್ ಬಗ್ಗೆ ಮಾತಾಡಿದೆ, ಚಹಾ ಮುಗಿಯಿತು, ವಿಷಯ ಬಾಯಿಗೆ ಬರಲಿಲ್ಲ. ಯಾರ ನೀರು ಕುಡಿದು ಬದುಕಿದೆವೋ ಅವರ ಎದುರು ಕೂತು ನಿಮ್ಮ ನೀರು ನಮ್ಮನ್ನು ಕೊಲ್ಲುತ್ತದೆ ಎಂದು ಹೇಳುವುದು ಹೇಗೆ? ಕೊನೆಗೆ ವಸಂತಿಯೇ ಹೇಳಿದಳು. ಶ್ವೇತಾ ಬಿಡಿಸಿ ವಿವರಿಸಿದಳು. ಮೂಸಾಕ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು. ಕಿವಿ ಕೆಂಪಾಗಿದ್ದವು.

"ನನ್ನ ನೀರು ನಿಮ್ಮ ಬಾವಿಗೆ ಬರುವಾಗ ಚಂದ ಇತ್ತು ಅಲ್ವಾ ವಸಂತಕ್ಕ?"

"ಈಗಲೂ ನಿಮ್ಮ ಉಪಕಾರ ಮರೆತಿಲ್ಲ ಮೂಸಾಕ. ಆದ್ರೆ ಅಲ್ಲಿ ನನ್ನ ಮಗಳು ಮಲಗುದು."

"ನಾನು ನೀರಿನ ಕೆಲಸ ಮಾಡಿದವ. ನೀರು ಜನರನ್ನು ಕೊಲ್ಲುದಿಲ್ಲ, ನೀರು ಇಲ್ಲದ್ದು ಕೊಲ್ಲುದು. ಪುಸ್ತಕ ಓದಿದವರು ಎಂತ ಬೇಕಾದ್ರೂ ಹೇಳ್ಬಹುದು." ಎದ್ದು ಬೈರಾಸು ಕೊಡವಿ ಒಳಗೆ ಹೋದರು. ಆಯಿಶಕ್ಕ ಬಾಗಿಲವರೆಗೆ ಬಂದು, "ಅವರ ಮಂಡೆ ತಣ್ಣಗಾಗ್ಲಿ, ನಾನು ಹೇಳ್ತೇನೆ" ಎಂದು ಪಿಸುಗುಟ್ಟಿದರು.

ಮಂಡೆ ತಣ್ಣಗಾಗಲಿಲ್ಲ, ಮಳೆಯೂ ನಿಲ್ಲಲಿಲ್ಲ. ಅನನ್ಯಳ ಮಂಚವನ್ನು ಎದುರಿನ ಹಾಲ್‌ಗೆ ತಂದೆವು. ಅವಳ ಪುಸ್ತಕ, ಮೇಜು ಅಲ್ಲೇ ಉಳಿದವು. ಓದಲು ಹೋದವಳನ್ನು ನಾನು ಹತ್ತು ಸಲ ಕರೆಯುತ್ತಿದ್ದೆ. "ಅಪ್ಪಾ, ನಿಮ್ಮ ರಗಳೆಯಲ್ಲಿ ನಾನು ಫೇಲ್ ಆಗ್ತೇನೆ" ಎಂದು ಅವಳು ಬೊಬ್ಬೆ ಹಾಕುತ್ತಿದ್ದಳು. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊಗೆ ಬಂದವರನ್ನು ಕೂರಿಸಿ, ಕ್ಯಾಮರಾ ಹಿಡಿದುಕೊಂಡೇ ನಾನು ಹೊರಗೆ ಬಂದು ಆಕಾಶ ನೋಡುತ್ತಿದ್ದೆ. ಮನೆಯಲ್ಲಿದ್ದರೆ, ಮೇಲೆ ಹಾರೆಯ ಶಬ್ದ ಕೇಳಿದಾಗಲೆಲ್ಲ ಹಿತ್ತಿಲಿಗೆ ಓಡಿ ಬರೆ ನೋಡುತ್ತಿದ್ದೆ. ಅಷ್ಟು ಒಳ್ಳೆಯ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದದ್ದಕ್ಕೆ ಬೇಸರವೂ ಆಗುತ್ತಿತ್ತು.

ಜಿಲ್ಲೆಯ ಶಾಲೆಗಳಿಗೆಲ್ಲ ಮಳೆಯ ರಜೆ ಕೊಟ್ಟಿದ್ದ ಒಂದು ಬೆಳಿಗ್ಗೆ, ದೋಸೆ ತಿನ್ನುತ್ತಿದ್ದಾಗ, ಹಿತ್ತಿಲಲ್ಲಿ ಯಾರೋ ನಿಂತಂತೆ ಕಂಡಿತು. ಮೂಸಾಕ! ರಸ್ತೆ ಬಳಸಿಕೊಂಡು ಬಂದು, ನಮ್ಮನ್ನು ಕರೆಯದೆ, ಸೀದಾ ಬರೆಯ ಬುಡಕ್ಕೆ ಹೋಗಿದ್ದರು. ನಾನು ಬಾಯಿ ತೆರೆಯುವಾಗ ಕೈ ಎತ್ತಿ ಸುಮ್ಮನಿರಲು ಹೇಳಿದರು. ಬರೆಗೆ ಕಿವಿ ಕೊಟ್ಟು ನಿಂತರು. ಮಳೆ ಅವರ ಕುತ್ತಿಗೆಯಿಂದ ಇಳಿಯುತ್ತಿತ್ತು.

"ಒಳಗೆ ಓಡ್ತಾ ಉಂಟು ರೈಗಳೇ," ಎಂದರು. "ಟ್ಯಾಂಕರಿನ ಒಳಗೆ ನೀರು ಆಡುವ ಶಬ್ದ ನನಗೆ ಗೊತ್ತಿಲ್ವಾ? ಅದೇ ಶಬ್ದ." ಮತ್ತೆ, "ಆಯಿಶನಿಗೆ ಅಡಿಗೆ ಕೋಣೆಯ ಬಾಗಿಲು ಹಾಕ್ಲಿಕ್ಕೆ ಆಗ್ತಾ ಇಲ್ಲ. ನಿನ್ನೆವರೆಗೆ ಆಗ್ತಿತ್ತು. ಮಲ್ಲಿಗೆ ಗಿಡದ ಹತ್ತಿರ ನೆಲ ಬಾಯಿ ಬಿಟ್ಟಿದೆ. ಯಾ ಅಲ್ಲಾ, ನಾನು ಎಂತ ಮಾಡಿದೆ! ಹೊರಡಿ, ಹೊರಡಿ, ಎಲ್ಲ ಹೊರಡಿ."

ನಾನು ಕ್ಯಾಮರಾ ಬ್ಯಾಗು ಎಂದೆ, ಗ್ಯಾಸು ಎಂದೆ, ಮನೆಯ ಬೀಗ ಎಂದೆ. ಮೂಸಾಕ ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಗದರಿದರು. "ಬೀಗ ಹಾಕಿ ಎಂತ ಮಾಡ್ತೀರಿ ಮಾರಾಯ್ರೆ, ಗುಡ್ಡೆಗೆ ಕೀ ಕೊಡ್ತೀರಾ?" ಅನನ್ಯಳ ಶಾಲೆಯ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು ಅವಳ ಕೈ ಹಿಡಿದು ಎಳೆದುಕೊಂಡು ಹೋದರು. ಕೆಳಗಿನ ರಸ್ತೆ ಬದಿಯಲ್ಲಿ ಅವರ ತಮ್ಮನ ಬಾಡಿಗೆ ಕೋಣೆ ಖಾಲಿಯಿತ್ತು. ಅಲ್ಲಿ ಆಯಿಶಕ್ಕ ಚಾಪೆ ಹಾಸಿ ಆಗಲೇ ಕೂತಿದ್ದರು.

ನಮ್ಮನ್ನು ಅಲ್ಲಿ ಬಿಟ್ಟು ಅವರು ತಿರುಗಿ ಮೇಲೆ ಹೋದರು. ನಾನೂ ಹಿಂದೆ ಹೋದೆ, ಧೈರ್ಯದಿಂದಲ್ಲ, ಅವರೊಬ್ಬರನ್ನೇ ಬಿಡಲು ಮನಸ್ಸು ಬಾರದೆ. ತಮಗೆ ಶಾಲು ಹೊದಿಸಿದ್ದ ಯುವಕ ಮಂಡಲದವರನ್ನೇ ಅವರು ಫೋನ್ ಮಾಡಿ ಕರೆಸಿದ್ದರು. ಅಂಚಿನ ಹತ್ತಿರ ಯಾರನ್ನೂ ಬಿಡಲಿಲ್ಲ. ದೂರದಿಂದಲೇ ರಸ್ತೆಯ ಕಣಿಗೆ ಮಣ್ಣಿನ ಚೀಲ ಅಡ್ಡ ಇಡಿಸಿದರು, ಮಾಡಿನ ಪೈಪುಗಳನ್ನು ಗುಂಡಿಯಿಂದ ಕಿತ್ತು ತೋಡಿನ ಕಡೆಗೆ ಜೋಡಿಸಿದರು, ಇದ್ದಬದ್ದ ಟರ್ಪಾಲು ಎಲ್ಲ ಅಂಗಳಕ್ಕೆ ಎಳೆಸಿದರು. ಪೈಪಿನ ಬಾಯಿಯಿಂದ ನೀರು ಧೋ ಎಂದು ತೋಡಿಗೆ ಬೀಳುವಾಗ ಮೂಸಾಕ ಅದರ ಎದುರು ನಿಂತು, "ಹೋಗು, ಹೋಗು" ಎನ್ನುತ್ತಿದ್ದರು. ಕಣ್ಣೀರು ಯಾವುದು ಮಳೆ ಯಾವುದು ಎಂದು ನನಗೆ ತಿಳಿಯಲಿಲ್ಲ. ಅಳುತ್ತಿದ್ದರು ಎಂಬುದು ಮಾತ್ರ ನಿಜ.

ಎಲ್ಲರೂ ಕೆಳಗೆ ಬಂದ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ ಬರೆಯ ಒಂದು ಭಾಗ ಜರಿಯಿತು. ಬಾಡಿಗೆ ಕೋಣೆಯವರೆಗೆ ಶಬ್ದ ಕೇಳಿತು, ಲಾರಿಯಿಂದ ಜಲ್ಲಿ ಸುರಿದಂತೆ. ಓಡಿ ಹೋಗಿ ನೋಡಿದರೆ ಅಡಿಗೆ ಕೋಣೆಯ ಗೋಡೆ ಒಳಗೆ ಬಿದ್ದಿತ್ತು. ಅನನ್ಯಳ ಕಿಟಕಿ ಒಡೆದು ಮಣ್ಣು ಒಳನುಗ್ಗಿ ಅವಳ ಮೇಜು, ಕುರ್ಚಿ ಕಾಣದಂತೆ ತುಂಬಿತ್ತು. ರಜೆಯ ದಿನ ಆ ಹೊತ್ತಿಗೆ ಅವಳು ಕೂರುವುದು ಆ ಕುರ್ಚಿಯಲ್ಲೇ. ವಸಂತಿ ನೋಡಿದವಳೇ ಆಯಿಶಕ್ಕನನ್ನು ತಬ್ಬಿ ಅತ್ತಳು. ನಾನು ರಸ್ತೆಯಲ್ಲೇ ಕೂತೆ.

ಬಿದ್ದದ್ದಕ್ಕಿಂತ ನೇತಾಡುತ್ತಾ ಉಳಿದದ್ದು ಹೆಚ್ಚು. ಮಳೆ ಬಿಟ್ಟ ಮೇಲೆ ಶ್ವೇತಾ ಅವಳ ಕಾಲೇಜಿನ ಹಿರಿಯರೊಬ್ಬರನ್ನು ಕರೆತಂದಳು. ತಡೆಗೋಡೆ ಒಂದನ್ನೇ ಕಟ್ಟಿ ಪ್ರಯೋಜನವಿಲ್ಲ, ನೆತ್ತಿಯ ಭಾರ ಇಳಿಸಿ ಬರೆಯನ್ನು ಅಗಲ ಮೆಟ್ಟಿಲುಗಳಾಗಿ ಹಿಂದಕ್ಕೆ ಕಡಿಯಬೇಕು, ಪ್ರತಿ ಮೆಟ್ಟಿಲಿಗೂ ನೀರು ಹೋಗುವ ಚರಂಡಿ ಬೇಕು ಎಂದರು ಅವರು. ಹಿಂದಕ್ಕೆ ಎಂದರೆ ಎಲ್ಲಿಯವರೆಗೆ? ಆ ಹಿರಿಯರು ನಡೆಯುತ್ತಾ ಹೋಗಿ ಮೂಸಾಕನ ಹಾಲ್‌ನ ನಡುವೆ ನಿಂತರು. ಅಲ್ಲಿಯವರೆಗೆ ಅವರ ಮನೆ ಹೋಗಬೇಕು.

ಇಲ್ಲವಾದರೆ ನಾವು ಕೆಳಗಿನ ಮನೆ ಬಿಟ್ಟು ಹೋಗಬೇಕು. ಲೆಕ್ಕ ಹಾಕಿದರೆ ಅದೇ ಸುಲಭ. ನಾನು ಬಾಯಿಬಿಟ್ಟು ಹಾಗೆ ಹೇಳಿದೆ ಕೂಡ. ಮೂಸಾಕ ಒಪ್ಪಲಿಲ್ಲ. "ನೀವು ಎಲ್ಲಿಗೆ ಹೋಗುದು? ನನಗೆ ಕೋಡಿಂಬಾಳದಲ್ಲಿ ಮಗಳ ಮನೆ ಉಂಟು, ಪಕ್ಕದಲ್ಲೇ ಸಮತಟ್ಟು ಜಾಗ ಉಂಟು. ನಿಮಗೆ ಎಂತ ಉಂಟು, ಒಂದು ಕ್ಯಾಮರಾ!"

"ಅರ್ಧ ಮನೆ ಆದ್ರೂ ಉಳಿಸುವಾ, ಮೂಸಾಕ" ಎಂದೆ.

"ಅರ್ಧ ಮನೆಯಲ್ಲಿ ಅರ್ಧ ಮನುಷ್ಯ ಇರುದಾ? ಭಾರ ಇಳಿಸುದು ಅಂತ ಹೇಳಿದ ಮೇಲೆ ಇಳಿಸುದೇ. ಒಳಗೆ ನಾನು ಹಾಕಿದ ನೀರು ಇನ್ನೂ ಉಂಟು ರೈಗಳೇ. ಅದು ಯಾವಾಗ ಹೊರಗೆ ಬರ್ತದೆ ಅಂತ ನಾನು ದಿನಾ ಮೇಲೆ ಕೂತು ಕಾಯುದಾ? ನನ್ನಿಂದ ಆಗುದಿಲ್ಲ."

ಒಡೆಯುವ ದಿನ ಆಯಿಶಕ್ಕ ಬರಲಿಲ್ಲ. ಮರುಭೂಮಿಯಲ್ಲಿ ಜೀವ ತೇದು ಕಟ್ಟಿದ ಮನೆ ಎರಡು ದಿನದಲ್ಲಿ ಲಾರಿ ಹತ್ತಿತು. ಮೂಸಾಕ ಕೊನೆಯವರೆಗೂ ನಿಂತು, ಮೆಟ್ಟಿಲು ಕಡಿಯುವವರ ಹತ್ತಿರ ಚರಂಡಿಯ ಇಳಿಜಾರಿನ ಬಗ್ಗೆ ಜಗಳ ಮಾಡಿಕೊಂಡೇ ಇದ್ದರು. ಬಕೆಟಿನಲ್ಲಿ ನೀರು ತಂದು ಸುರಿದು, ಅದು ಎಲ್ಲೂ ನಿಲ್ಲದೆ ಓಡುತ್ತದೋ ಎಂದು ಬಗ್ಗಿ ಬಗ್ಗಿ ನೋಡಿದರು.

ಆಮೇಲೆ ಮಳೆಗಾಲ ಬಂದರೆ ಕೋಡಿಂಬಾಳದಿಂದ ಫೋನು. "ಎಂತ, ಬರೆ ಹೇಗುಂಟು? ಬಾವಿಯ ನೀರು ತಿಳಿ ಉಂಟಾ?" ತಿಳಿಯಾಗಿದೆ ಎಂದರೆ, "ಸುಳ್ಳು ಹೇಳ್ಬೇಡಿ, ವಸಂತಕ್ಕನಿಗೆ ಕೊಡಿ" ಎನ್ನುತ್ತಿದ್ದರು. ಮೆಟ್ಟಿಲು ಕಡಿದ ಬರೆ ಹುಲ್ಲು ಹಿಡಿದು ಹಸಿರಾಯಿತು. ಒಸರುವುದು ನಿಂತಿತು. ಬಾವಿ ಮತ್ತೆ ಮೊದಲಿನಂತೆ ಬೇಸಿಗೆಯಲ್ಲಿ ಬತ್ತತೊಡಗಿತು. ನಾವು ಅದನ್ನು ಅವರಿಗೆ ಹೇಳಲೇ ಇಲ್ಲ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಕಳೆದ ವರ್ಷ, ಮಗಳ ಮನೆಯ ಜಗಲಿಯಲ್ಲಿ. ಕಾಲು ಊದಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹೊರಗೆ ಮಳೆ ಬಡಿಯುತ್ತಿದ್ದರೂ ಕೂತಲ್ಲಿಂದ ಏಳಲಿಲ್ಲ. ನಾನು ತಂದ ಕಿತ್ತಳೆಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ಅನನ್ಯ ಈಗ ಎಲ್ಲಿ ಮಲಗುದು?"

"ಹಿಂದಿನ ಕೋಣೆಯಲ್ಲೇ. ಸರಿ ಮಾಡಿಸಿದ್ದೇವಲ್ಲ."

"ಮಳೆಗೂ?"

"ಮಳೆಗೂ."

ಅವರು ಕಣ್ಣು ಮುಚ್ಚಿ "ಅಲ್‌ಹಮ್ದುಲಿಲ್ಲಾ" ಎಂದರು. ಆ ತಿಂಗಳು ಮುಗಿಯುವ ಮೊದಲು ತೀರಿಕೊಂಡರು. ಕೋಡಿಂಬಾಳಕ್ಕೆ ಹೋಗಿ ಮಣ್ಣು ಹಾಕಿ ಬಂದೆವು.

ಈ ಏಪ್ರಿಲಿನಲ್ಲಿ ಮೇಲಿನ ಜಾಗ ಮಾರಾಟವಾಯಿತು. ಗಲ್ಫಿನಲ್ಲಿರುವ ಅವರ ಮಗ ನನಗೆ ಫೋನ್ ಮಾಡಿ, ಕೊಂಡವರಿಗೆ ಮೆಟ್ಟಿಲು ಮುಟ್ಟಬಾರದೆಂದು ಹೇಳಿಯೇ ಕೊಟ್ಟದ್ದು ಎಂದ. ಕೊಂಡವರು ತಲೆಯಾಡಿಸಿರಬೇಕು. ಮೊನ್ನೆ ಬೆಳಿಗ್ಗೆ ಸ್ಟುಡಿಯೋಗೆ ಹೊರಡುವಾಗ ಮೇಲೆ ಯಂತ್ರದ ಶಬ್ದ ಕೇಳಿ ಚಪ್ಪಲಿ ಹಾಕದೆ ಓಡಿದೆ. ಮೊದಲ ಮೆಟ್ಟಿಲಿನ ಅಂಚಿನಲ್ಲಿ ಜೇಸಿಬಿ ನಿಂತಿತ್ತು. ಓಡಿಸುವವ ಯಾವ ಊರಿನವನೋ, ಒಳ್ಳೆಯ ಹುಡುಗ, ನನ್ನನ್ನು ಕಂಡು ಎಂಜಿನ್ ನಿಲ್ಲಿಸಿದ.

"ಇಲ್ಲಿ ದೊಡ್ಡ ಮನೆ ಇತ್ತಂತಲ್ಲ ಸರ್, ಇಷ್ಟು ಒಳ್ಳೆ ಜಾಗ. ಎಂತಕ್ಕೆ ಒಡೆದದ್ದು ಅವರು?"

"ಇಲ್ಲಿ ಬಂದು ನಿಂತು ಕೆಳಗೆ ನೋಡಿ," ಎಂದೆ. "ಅವರು ನೋಡಿದರು. ಅದಕ್ಕೆ."

ಅವನು ಇಳಿದು ಬಂದು ಬಗ್ಗಿದ. ಹಿತ್ತಿಲಲ್ಲಿ ಅನನ್ಯ ಬಟ್ಟೆ ಒಣಗಿಸುತ್ತಿದ್ದಳು. ನಮ್ಮನ್ನು ಕಂಡು ಕೈ ಬೀಸಿದಳು. ಹುಡುಗನೂ ಕೈ ಬೀಸಿದ. ಮತ್ತೆ ನನ್ನ ಮುಖ ನೋಡದೆ, "ನನಗೆ ಸಮತಟ್ಟು ಮಾಡ್ಲಿಕ್ಕೆ ಹೇಳಿದ್ದು ಸರ್. ಓನರ್ ಹತ್ರ ಮಾತಾಡಿ ನೀವು" ಎಂದು ಹತ್ತಿ ಕೂತ.

ಮೂಸಾಕ ಇದ್ದಿದ್ದರೆ ಈಗ ಗುಡ್ಡೆಯ ಜನವೆಲ್ಲ ಒಟ್ಟಾಗುವಂತೆ ಬೊಬ್ಬೆ ಹಾಕುತ್ತಿದ್ದರು. ಅವರಿಲ್ಲ. ಎಂಜಿನ್ ಸ್ಟಾರ್ಟ್ ಆಯಿತು. ನಾನು ಹೋಗಿ ಅದರ ಬಕೆಟಿನ ಎದುರು, ಆ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಏಳಲಿಲ್ಲ.